ಹದ್ದಿನ ಚಿತ್ರ ನಮ್ಮ ಶಾಲೆಗಳಿಗೂ ಬರಲಿ



ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀದ್ಸ್’ (2022) ಸಾಕ್ಷ್ಯಚಿತ್ರ ನೋಡಿದಾಗಿನಿಂದ ಮನಸ್ಸು ಅಲ್ಲೇ ಇದೆ. ದೆಹಲಿಯ ವಜೀರಾಬಾದ್‌ನ ನದೀಂ, ಸೌದ್ ಎಂಬ ಅಣ್ಣತಮ್ಮಂದಿರು, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡು ಬಿದ್ದ ಹದ್ದುಗಳನ್ನು ತಮ್ಮ ನೆಲಮಾಳಿಗೆಗೆ ತಂದು, ಗಾಯ ಹೊಲಿದು ಬದುಕಿಸುತ್ತಾರೆ. ಈಶಾನ್ಯ ದೆಹಲಿ 2020ರ ಗಲಭೆಯಲ್ಲಿ ಬೆಂದ ದಿನಗಳಲ್ಲೂ ಆ ಕೆಲಸ ಸಾಗಿತ್ತು. ಹಕ್ಕಿಗೆ ಹಾಕಿದ ಹೊಲಿಗೆ ನೋಡುತ್ತಲೇ ನನಗೆ ಊರಿಗಾದ ಗಾಯವೂ ಕಂಡಿತು.

ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರವನ್ನು ನಮ್ಮ ತಾಲ್ಲೂಕಿನ ಮಕ್ಕಳು ಎಲ್ಲಿ ನೋಡಬೇಕು? ಆಷಾಢದ ಗಾಳಿಗೆ ಇಲ್ಲೂ ಪಟ ಹಾರಿಸುವ ಸಂಭ್ರಮವಿದೆ; ಪಟದ ದಾರ ಹಕ್ಕಿಗೆ ಏನು ಮಾಡಬಲ್ಲದು ಎಂದು ಅವರೂ ನೋಡಬೇಕು. ಇಂಥ ಚಿತ್ರಗಳಿಗೆ ಕನ್ನಡ ಅಡಿಬರಹ ಹಾಕಿಸಿ ಶಾಲೆಗಳಲ್ಲಿ ತೋರಿಸುವ ಕೆಲಸವನ್ನು ಶಿಕ್ಷಣ ಇಲಾಖೆ ಮುಂದಿನ ಆಷಾಢದೊಳಗೆ ಆರಂಭಿಸಲಿ.

– ನಿವೃತ್ತ ಶಿಕ್ಷಕಿ, ದೊಡ್ಡಬಳ್ಳಾಪುರ