ಗಿಟಾರ್ ಡೈರಿ, ಭಾಗ 5: ಹಾಡು ನಮಗೋಸ್ಕರ ಕಾಯಲ್ಲ

ಹೋದ ಪೋಸ್ಟ್ ನೋಡಿ ತುಂಬಾ ಜನ ಹೇಳಿದ್ರಿ: ಮೊದಲು ಒಬ್ಬನೇ ಚೆನ್ನಾಗಿ ಕಲಿ, ಆಮೇಲೆ ಬೇರೆಯವರ ಜೊತೆ ನುಡಿಸು ಅಂತ. ನಾನು ಒಪ್ಪಲ್ಲ.

ಎಂಟು ತಿಂಗಳು ಬಾಗಿಲು ಹಾಕ್ಕೊಂಡು ನುಡಿಸಿದ್ದೀನಿ. ಜಿ, ಸಿ, ಇ ಮೈನರ್ ಎಲ್ಲಾ ಬರ್ತಿತ್ತು. ಎಫ್ ಬಂದಾಗ ಮಾತ್ರ ಒಂದು ಕ್ಷಣ ನಿಂತು, ಬೆರಳು ಜೋಡಿಸಿ ಮುಂದೆ ಹೋಗ್ತಿದ್ದೆ. ತೋರುಬೆರಳು ಆರೂ ತಂತಿ ಒತ್ತಬೇಕಲ್ಲ! ಆ ನಿಲ್ಲೋದು ನನಗೆ ಕೇಳಿಸ್ತಾನೇ ಇರಲಿಲ್ಲ.

ಆಮೇಲೆ ಕ್ಲಾಸ್‌ಮೇಟ್ ಒಬ್ಬ ಗಿಟಾರ್ ತಂದು ಎದುರು ಕೂತ. ಮೊದಲು ಟ್ಯೂನಿಂಗೇ ಹೊಂದ್ಲಿಲ್ಲ. ನನ್ನ ತಂತಿಗಳು ಒಂದಕ್ಕೊಂದು ಸರಿಯಾಗೇ ಇದ್ವು, ಆದ್ರೆ ಎಲ್ಲವೂ ಸ್ವಲ್ಪ ಕೆಳಗೆ. ಒಬ್ಬನೇ ಇದ್ದಾಗ ಇದು ಗೊತ್ತೇ ಆಗಿರಲಿಲ್ಲ. ಹಾಡು ಶುರುವಾಯ್ತು. ಎಫ್ ಬಂತು. ನಾನು ನಿಂತೆ, ಅವನು ನಿಲ್ಲಲಿಲ್ಲ.

ನಾಚಿಕೆಯಾಗಿ ಎರಡು ವಾರ ತಪ್ಪಿಸ್ಕೊಂಡೆ. ಕಾಸ್ಟ್ ಅಕೌಂಟಿಂಗ್ ಟೆಸ್ಟ್ ಇದೆ ಅಂದೆ. (ಅವನೂ ಅದೇ ಸೆಕ್ಷನ್. ಎಂಥಾ ಸುಳ್ಳು ನೋಡಿ.)

ಮೆಟ್ರೊನೋಮ್ ಸಾಲದಾ ಅಂತೀರಾ? ಅದೂ ಬೇಕು. ಆದ್ರೆ ತಪ್ಪಾದ ತಕ್ಷಣ ಅದನ್ನ ಆಫ್ ಮಾಡ್ಬಹುದು, ಎದುರು ಕೂತವನನ್ನ ಆಗಲ್ಲ. ಅವನೂ ಪರ್ಫೆಕ್ಟ್ ಏನಲ್ಲ, ಪಲ್ಲವಿ ಬಂದ್ರೆ ಸಾಕು ಓಡ್ತಾನೆ. ಅವನ ಓಟ ತಡೆಯೋಕೆ ಹೋಗಿ ನನ್ನ ತಾಳ ಸರಿಹೋಯ್ತು. ಎಫ್‌ಗೆ ಸದ್ಯಕ್ಕೆ ಕೆಳಗಿನ ನಾಲ್ಕು ತಂತಿ ಸಾಕು ಅಂತ ಹೇಳ್ಕೊಟ್ಟಿದ್ದೂ ಅವನೇ.

ನಿನ್ನೆ ಮೊದಲ ಚರಣ ನಿಲ್ಲದೆ ದಾಟಿದ್ವಿ. ಎರಡನೇದ್ರಲ್ಲಿ ಇಬ್ರೂ ಎಡವಿದ್ವಿ, ಅದೂ ಒಟ್ಟಿಗೇ.