ಹಿಡಿಕೆಗೆ ಹುರಿ, ಹುರಿಗೆ ಅಂಟು

ಗೋಕಾಕ ತಾಲೂಕಿನ ಮೇಲವಂಕಿಯ ಸುತ್ತ ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಕೊಯ್ತಾಕ್ಕೆ ಬಿಡುವಿಲ್ಲ. ಅಲಗಿಗೆ ತಪ್ಪದೆ ಸಾಣೆ ಹಿಡಿಯುವವರೂ ಹಿಡಿಕೆಯನ್ನು ಮರೆಯುವುದುಂಟು. ಬೆವರಿದ ಕೈ ಜಾರಿದರೆ ಬೆರಳು ಹೋಗುವುದು ಅಲಗಿನ ಮೇಲೆಯೇ. ಹಿಡಿಕೆಗೆ ಹುರಿ ಸುತ್ತುವುದು ಇದಕ್ಕಾಗಿ.

ಸುತ್ತಿದ ಹುರಿ ಬಿಚ್ಚದೆ ನಿಲ್ಲುವುದು ಹೇಗೆ? ಜಗ್ಗುವ ಹೋರಿಯನ್ನು ಬರಿಗೈಯಲ್ಲಿ ತಡೆಯುವುದು ಕಷ್ಟ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಹುಡುಗನೂ ಹಿಡಿದು ನಿಲ್ಲಬಲ್ಲ. ಗಣಿತಜ್ಞ ಆಯ್ಲರ್‌ನ ಸೂತ್ರದಂತೆ, ಸುತ್ತು ಹೆಚ್ಚಿದಂತೆ ಹಿಡಿತ ಗುಣಾಕಾರದಲ್ಲಿ ಬೆಳೆಯುತ್ತದೆ. ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ಸುಮಾರು 6.6 ಪಟ್ಟು, ಎರಡು ಸುತ್ತಿಗೆ ಸುಮಾರು 43 ಪಟ್ಟು! ಆದ್ದರಿಂದ ಹುರಿಯ ತುದಿಯನ್ನು ಬಿಗಿಯಾದ ಸುತ್ತುಗಳ ಅಡಿಯಲ್ಲಿ ಎಳೆದು ಸಿಕ್ಕಿಸಿದರೆ ಸಾಕು, ಅಂಗೈಗೆ ಒತ್ತುವ ಗಂಟು ಬೇಕಿಲ್ಲ.

ಆದರೆ ಹತ್ತಿಯ ಹುರಿ ಬೆವರು, ಕೆಸರು ಹೀರಿ ಸಡಿಲಾಗುತ್ತದೆ. ಅದನ್ನು ತಡೆಯಲು ಎಪಾಕ್ಸಿ ಅಂಟು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ 1930ರ ದಶಕದಲ್ಲಿ ಕೃತಕ ದಂತಪಂಕ್ತಿಗಾಗಿ ಇಂಥ ರಾಳದ ಮೇಲೆ ಕೆಲಸ ಮಾಡಿದ. 1946ರಲ್ಲಿ ಅದು ಅರಾಲ್ಡೈಟ್ ಎಂಬ ಹೆಸರಿನ ಅಂಟಾಗಿ ಬಂತು. ಒಂದು ಟ್ಯೂಬಿನಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಗೋಂದು ನೀರು ಆರಿ ಗಟ್ಟಿಯಾಗುತ್ತದೆ. ಎಪಾಕ್ಸಿ ಹಾಗಲ್ಲ. ಎರಡರ ಅಣುಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ, ಜೊತೆಗೆ ಶಾಖವೂ ಹೊರಬೀಳುತ್ತದೆ. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕವನ್ನು ಹೆಚ್ಚು ಸುರಿದರೆ, ಜೋಡಿ ಸಿಗದ ಅಣುಗಳು ಉಳಿದು ಅಂಟು ಮೆತ್ತಗಾಗುತ್ತದೆ. ಪೊಟ್ಟಣದ ಮೇಲಿನ ಪ್ರಮಾಣವನ್ನೇ ಪಾಲಿಸಬೇಕು.

ಈ ಕೆಲಸ ಹಿರಿಯರದು, ಮಕ್ಕಳು ನೋಡಿ ಕಲಿಯಲಿ. ಮೊದಲು ಅಲಗಿಗೆ ದಪ್ಪ ಬಟ್ಟೆ ಸುತ್ತಿ ಕಟ್ಟಬೇಕು. ಹಿಡಿಕೆಯ ಎಣ್ಣೆ ಜಿಡ್ಡು ತೆಗೆದು ಉಪ್ಪುಕಾಗದದಿಂದ ಉಜ್ಜಬೇಕು. ಹುರಿಯನ್ನು ಒತ್ತೊತ್ತಾಗಿ, ಬಿಗಿಯಾಗಿ ಸುತ್ತಿ, ಎಪಾಕ್ಸಿಯನ್ನು ತೆಳ್ಳಗೆ ಹಚ್ಚಿ ಹುರಿಯೊಳಗೆ ಇಳಿಯಲು ಬಿಡಬೇಕು. ದಪ್ಪಗೆ ಬಳಿದರೆ ಹುರಿಯ ಏರುತಗ್ಗು ಮುಚ್ಚಿ ಹಿಡಿಕೆ ಗಾಜಿನಂತೆ ನುಣುಪಾಗುತ್ತದೆ. ಜಾರದಿರಲೆಂದು ಮಾಡಿದ ಕೆಲಸವೇ ಜಾರಿಸುತ್ತದೆ! ಹಸಿ ಎಪಾಕ್ಸಿ ಚರ್ಮಕ್ಕೆ ತಗಲಿದರೆ ಕೆಲವರಿಗೆ ತುರಿಕೆ, ಅಲರ್ಜಿ ಬರುತ್ತದೆ. ಕೈಗವಸು ಹಾಕಿ, ಗಾಳಿಯಾಡುವಲ್ಲಿ ಕೆಲಸ ಮಾಡಿ, ಒಂದು ದಿನ ಮುಟ್ಟದೆ ಬಿಡುವುದು ಒಳ್ಳೆಯದು.

ಎಲ್ಲಕ್ಕಿಂತ ಮೊದಲು ಹಿಡಿಕೆಯನ್ನು ಅಲುಗಿಸಿ ನೋಡಬೇಕು. ಸಡಿಲವಾಗಿದ್ದರೆ, ಸೀಳಿದ್ದರೆ ಬಡಿಗರಿಂದ ಹೊಸದನ್ನು ಹಾಕಿಸಬೇಕು. ಹುರಿ ಸೀಳನ್ನು ಮರೆಮಾಡುತ್ತದೆಯೇ ಹೊರತು ಕೂಡಿಸುವುದಿಲ್ಲ.