ಮುಳುಗುವವರ ಮೊದಲ ಕವಚ

ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಸ್ಕೂಬಾ ಕಲಿತುಬಂದ ಮಕ್ಕಳು ಸ್ವಂತಕ್ಕೆ ಬಿ.ಸಿ.ಡಿ. ಎಂಬ ಗಾಳಿ ತುಂಬುವ ಕವಚವನ್ನು ಬೇಡುವುದುಂಟು. ಇದು ದೋಣಿಯವರ ಜೀವರಕ್ಷಕ ಅಂಗಿಯೆಂದು ಹಿರಿಯರು ನೆಮ್ಮದಿಗೊಳ್ಳಬಾರದು; ಪ್ರಜ್ಞೆ ತಪ್ಪಿದವರ ಮುಖವನ್ನು ಇದು ನೀರಿನ ಮೇಲೆ ಹಿಡಿದೀತೆಂಬ ಭರವಸೆಯಿಲ್ಲ. 10 ಮೀಟರು ಇಳಿಯುವಷ್ಟರಲ್ಲಿ ಒಳಗಣ ಗಾಳಿ ಅರ್ಧಕ್ಕೆ ಕುಗ್ಗುವುದು. ಏರುವಾಗ ಹಿಗ್ಗಿ, ಹೊರಬಿಡದಿದ್ದರೆ, ಧರಿಸಿದವರನ್ನು ರಭಸದಿಂದ ಮೇಲಕ್ಕೆಳೆದು ಶ್ವಾಸಕೋಶಕ್ಕೇ ಕೇಡು ತರಬಹುದು. ಆದುದರಿಂದ ಗಾಳಿ ಬಿಡುವ ಕವಾಟಗಳು ಕಣ್ಣು ಮುಚ್ಚಿದರೂ ಕೈಗೆ ಸಿಕ್ಕುವಂತಿರತಕ್ಕದ್ದು. ಬಣ್ಣದ ಮಾತು ಆಮೇಲೆ.

ಅಂಗಡಿಯಲ್ಲಿಯೇ ತೊಡಿಸಿ, ಪೂರ್ತಿ ಗಾಳಿ ತುಂಬಿಸಿ ನೋಡಿರಿ: ಎದೆ ಬಿಗಿಯಬಾರದು, ಕವಚ ಕಿವಿಯವರೆಗೆ ಏರಬಾರದು. ಬೆಳೆಯುವ ಹುಡುಗನೆಂದು ದೊಡ್ಡ ಅಳತೆಯ ಅಂಗಿ ಹೊಲಿಸುವ ನಮ್ಮ ಮನೆಗಳ ಜಾಣತನ ಇಲ್ಲಿ ಸಲ್ಲದು. ವರ್ಷಕ್ಕೊಮ್ಮೆ ಮುಳುಗುವವರಿಗಾದರೆ ಬಾಡಿಗೆಯದೇ ಸಾಕೆಂದು ನಾವು ಹೇಳುವೆವು.